ವೈರಸ್‌ಗೆ ಗೋಹತ್ಯೆ ಕಾಯ್ದೆ ಅನ್ವಯಿಸುವುದಿಲ್ಲ

2022ರಲ್ಲಿ ಜೈಪುರದ ವಿಧಾನಸಭೆ ಹೊರಗೆ ಶಾಸಕರ ಕೈ ತಪ್ಪಿಸಿಕೊಂಡು ಓಡಿದ ಹಸುವಿನ ವಿಡಿಯೊ ನೀವೂ ನೋಡಿರುತ್ತೀರಿ. ವೈರಸ್‌ನಿಂದ ದನಗಳಿಗೆ ಬರುವ ಚರ್ಮಗಂಟು ರೋಗದ ಕಡೆ ಸರ್ಕಾರ ಗಮನ ಕೊಡಲಿ ಅಂತ ಕರೆತಂದಿದ್ದರು. ಮೈಕು ಮುಂದೆ ಬಂದದ್ದೇ ತಡ, ಹಸು ಪರಾರಿ. ಗೋಮಾತೆಗೂ ಸರ್ಕಾರದ ಮೇಲೆ ಸಿಟ್ಟು ಅಂದರು ಶಾಸಕರು. ಪಾಪ, ಅದಕ್ಕೆ ಭಾಷಣ ಕೇಳುವ ಅಭ್ಯಾಸ ಇರಲಿಲ್ಲ, ಅಷ್ಟೇ.

ಇನ್ನು ಮಹಾರಾಷ್ಟ್ರದ ಆಗಿನ ಕಾಂಗ್ರೆಸ್ ಅಧ್ಯಕ್ಷ ನಾನಾ ಪಟೋಲೆಯವರ ಸಂಶೋಧನೆ. ರೋಗ ನೈಜೀರಿಯಾದ್ದಂತೆ, ಚೀತಾಗಳೂ ಅಲ್ಲಿಂದಲೇ ಬಂದವಂತೆ. ಚೀತಾ ಬಂದದ್ದು ನಮೀಬಿಯಾದಿಂದ, 2022ರ ಸೆಪ್ಟೆಂಬರ್ 17ಕ್ಕೆ. ರೋಗ ಒಡಿಶಾದಲ್ಲಿ ಕಾಣಿಸಿದ್ದು 2019ರಲ್ಲಿ. ಚೀತಾಗಳು ಲಗೇಜನ್ನು ಮೂರು ವರ್ಷ ಮೊದಲೇ ಕಳಿಸಿದ್ದವು ಅನ್ನಿ! ಸೊಳ್ಳೆ, ನೊಣ, ಉಣ್ಣಿ ಹಗಲೂ ರಾತ್ರಿ ದುಡಿದು ರೋಗ ಹರಡಿದರೂ ಯಾರೂ ಅವುಗಳ ಹೆಸರೆತ್ತಲ್ಲ.

ನಮ್ಮ ಕರ್ನಾಟಕದಲ್ಲಿ ಗೋಮಾತೆಗೆ ಭದ್ರತೆ ಜಾಸ್ತಿ. 2020ರ ಗೋಹತ್ಯೆ ತಡೆ ಕಾಯ್ದೆ ಪ್ರಕಾರ ಹಸು ಕಡಿದರೆ 3ರಿಂದ 7 ವರ್ಷ ಜೈಲು, ಕಡಿಮೆ ಅಂದರೂ 50,000 ರೂಪಾಯಿ ದಂಡ. ಅದೇ ಹಸುವನ್ನು ವೈರಸ್ ಕೊಂದರೆ 2022ರಲ್ಲಿ ರೈತನಿಗೆ ಇದ್ದದ್ದು 20,000 ಪರಿಹಾರ. ಎತ್ತಿಗೆ 30,000, ಕರುವಿಗೆ 5,000. ಸರ್ಕಾರ ವಸೂಲಿ ಮಾಡುವಾಗ ಒಂದು ರೇಟು, ಕೊಡುವಾಗ ಇನ್ನೊಂದು. ಹಳೇ ಪಾತ್ರೆ ಅಂಗಡಿಯಲ್ಲೂ ಇದೇ ಲೆಕ್ಕ, ಅಲ್ವಾ?

ಆಗ ಹಾಕಿದ ಲಸಿಕೆಯೋ, ಮೇಕೆ ಸಿಡುಬಿನದ್ದು. ಕೆಲಸ ಮಾಡುತ್ತೆ, ಬೇಡ ಅನ್ನಲ್ಲ. ಆದರೆ ಮಾತೆ ಮಾತೆ ಅಂತ ಇಷ್ಟು ಕೂಗಿದ ದೇಶದಲ್ಲಿ ಆಕೆಯದ್ದೇ ಲಸಿಕೆ ಸಿದ್ಧ ಅಂತ ಘೋಷಣೆ ಆಗಿದ್ದು 2022ರ ಆಗಸ್ಟ್‌ನಲ್ಲಿ. ಘೋಷಣೆ ಆದಮೇಲೂ ಸಿಕ್ಕಿದ್ದು ಮೇಕೆಯ ಪ್ರಸಾದವೇ.

ತಮಾಷೆ ಸಾಕು. ಮೈತುಂಬ ಗಂಟೆದ್ದು, ಒಡೆದು, ಕಾಲು ಊದಿ, ಮಲಗಲೂ ಆಗದೆ ನಿಂತೇ ಇರುವ ಹಸುವನ್ನು ಕೊಟ್ಟಿಗೆಯಲ್ಲಿ ನೋಡಿದವರಿಗೆ ಈ ಭಕ್ತಿ ವಾಕರಿಕೆ ತರಿಸುತ್ತದೆ. ಡಾಕ್ಟರಿಗೆ ಫೋನ್ ಮಾಡಿದರೆ ಅವರಿಗೆ ಇನ್ನೆರಡು ಆಸ್ಪತ್ರೆ ಚಾರ್ಜು. ಹುದ್ದೆಗಳು ಖಾಲಿ ಬಿದ್ದಿವೆ. ರೋಗ ಹರಡದಿರಲಿ ಅಂತ ದನಗಳ ಸಂತೆ, ಜಾತ್ರೆ ನಿಲ್ಲಿಸಿದಿರಿ, ಸರಿ. ಡೇರಿಗೆ ಹಾಲು ಹಾಕಿ ಸಾಲದ ಕಂತು ಕಟ್ಟುತ್ತಿದ್ದವಳು ಏನು ಮಾಡಬೇಕಿತ್ತು? ಒಳ್ಳೆ ಎಚ್‌ಎಫ್ ಹಸು, ಅಂದರೆ ಹೆಚ್ಚು ಹಾಲು ಕೊಡುವ ವಿದೇಶಿ ತಳಿ, ತರೋಕೆ ಆಗಲೇ ಅರವತ್ತು ಎಪ್ಪತ್ತು ಸಾವಿರ ಬೇಕಿತ್ತು. ಉಳಿದದ್ದು ಯಾರಪ್ಪ ಕೊಡ್ತಾನೆ?

ಮುಜರಾಯಿ ದೇವಸ್ಥಾನಗಳಲ್ಲಿ ಬಲಿಪಾಡ್ಯಮಿಗೆ ಗೋಪೂಜೆ ಮಾಡಬೇಕು ಅನ್ನುವ ಸುತ್ತೋಲೆ ಮಾತ್ರ ಹಬ್ಬಕ್ಕೆ ಮುಂಚೆಯೇ ಬಂತು.