ಎಂಟಿಡಿಎನ್‌ಎ ಪ್ರತಿಗಳ ಸಂಖ್ಯೆ ಮೈಟೊಕಾಂಡ್ರಿಯಗಳ ಸಂಖ್ಯೆಯಲ್ಲ

ರಕ್ತದಲ್ಲಿ ಎಂಟಿಡಿಎನ್‌ಎ (ಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯದ ಸ್ವಂತ ಡಿಎನ್‌ಎ) ಪ್ರತಿಗಳನ್ನು ಅಳೆದರೆ ಮೈಟೊಕಾಂಡ್ರಿಯ ಎಷ್ಟಿದೆ ಎಂದು ತಿಳಿಯುತ್ತದೆ ಎಂಬ ಮಾತು ಹರಿದಾಡುತ್ತಿದೆ. ಅದು ತಪ್ಪು. ಈ ಅಳತೆಗೆ ಬಳಸುವ ಕ್ಯೂಪಿಸಿಆರ್ (ಡಿಎನ್‌ಎಯನ್ನು ಪ್ರತಿ ಮಾಡುತ್ತಾ ಅದರ ಪ್ರಮಾಣ ಅಳೆಯುವ ವಿಧಾನ) ಕೊಡುವುದು ಎನ್‌ಡಿ1ನಂಥ ಮೈಟೊಕಾಂಡ್ರಿಯದ ಜೀನಿಗೂ ಬಿ2ಎಂನಂಥ ಕೋಶಕೇಂದ್ರದ ಜೀನಿಗೂ ಇರುವ ಅನುಪಾತವನ್ನಷ್ಟೇ. ಒಂದೇ ಮೈಟೊಕಾಂಡ್ರಿಯದಲ್ಲಿ ಹಲವು ಪ್ರತಿಗಳಿರಬಹುದು. ರಕ್ತದಲ್ಲಂತೂ ಪ್ಲೇಟ್‌ಲೆಟ್‌ಗಳ ಕಾಟ: ಅವಕ್ಕೆ ಕೋಶಕೇಂದ್ರವಿಲ್ಲ, ಮೈಟೊಕಾಂಡ್ರಿಯ ಇದೆ. ಅವು ಬೆರೆತಷ್ಟೂ ಅನುಪಾತ ಸುಮ್ಮನೆ ಏರುತ್ತದೆ.

ಸ್ನಾಯುವಿನ ಮಾದರಿಗಾದರೆ ಮೈಟೊಕಾಂಡ್ರಿಯದೊಳಗಿನ ಸಿಟ್ರೇಟ್ ಸಿಂಥೇಸ್ ಎಂಬ ಕಿಣ್ವದ ಚಟುವಟಿಕೆಯನ್ನು ಹೆಚ್ಚು ನಂಬಬಹುದು. ಆರೋಗ್ಯವಂತ ಯುವಕರ ಸ್ನಾಯುವಿನ ಮೇಲೆ 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಅಳತೆಗೆ ಚೆನ್ನಾಗಿ ಹೊಂದಿತ್ತು, ಎಂಟಿಡಿಎನ್‌ಎ ಹೊಂದಲಿಲ್ಲ.

ಆ ಚಟುವಟಿಕೆಯನ್ನು ಅಳೆಯುವುದು ಹೀಗೆ: ಮಂಜುಗಡ್ಡೆಯ ಮೇಲೆ ಅರೆದ ಅಂಗಾಂಶಕ್ಕೆ ಶೇ 0.1 ಟ್ರೈಟಾನ್ (ಪೊರೆ ಒಡೆಯುವ ಮಾರ್ಜಕ), 0.1 ಮಿಲಿಮೋಲಾರ್ ಡಿಟಿಎನ್‌ಬಿ (ಥಯಾಲ್ ಗುಂಪು ಸಿಕ್ಕರೆ ಹಳದಿ ಬಣ್ಣ ಕೊಡುವ ರಾಸಾಯನಿಕ), 0.3 ಮಿಲಿಮೋಲಾರ್ ಅಸಿಟೈಲ್ ಕೋಎ ಸೇರಿಸಿ, 412 ನ್ಯಾನೊಮೀಟರಿನಲ್ಲಿ ಬೆಳಕಿನ ಹೀರಿಕೆಯನ್ನು ಎರಡು ಮೂರು ನಿಮಿಷ ಓದಿ. ಈ ಏರಿಕೆ ಬರೀ ಹಿನ್ನೆಲೆ. ಆಮೇಲೆ ಕಿಣ್ವದ ಕೆಲಸ ಶುರುವಾಗಲು 0.5 ಮಿಲಿಮೋಲಾರ್ ಆಕ್ಸಲೋಅಸಿಟೇಟ್ ಹಾಕಿ, ಬರುವ ವೇಗದಿಂದ ಹಿನ್ನೆಲೆಯನ್ನು ಕಳೆಯಿರಿ. ಆಕ್ಸಲೋಅಸಿಟೇಟನ್ನು ಅಂದಂದೇ ಕರಗಿಸಿಕೊಳ್ಳಬೇಕು, ಇಟ್ಟರೆ ಕೆಡುತ್ತದೆ. ಡಿಟಿಎನ್‌ಬಿ ಬೀಳುತ್ತಿದ್ದಂತೆ ಕ್ಯುವೆಟ್ (ಅಳತೆಯ ಪುಟ್ಟ ಪಾರದರ್ಶಕ ಪಾತ್ರೆ) ಗಾಢ ಹಳದಿಯಾದರೆ ಮೊದಲು ಬಫರನ್ನು ಅನುಮಾನಿಸಿ: ಅದರಲ್ಲಿ ಡಿಟಿಟಿ ಅಥವಾ ಮರ್ಕ್ಯಾಪ್ಟೊಎಥನಾಲ್‌ನಂಥ ಥಯಾಲ್ ಇದ್ದರೆ ಅದೇ ಡಿಟಿಎನ್‌ಬಿಯೊಂದಿಗೆ ಹಳದಿ ಬಣ್ಣ ಕೊಡುತ್ತದೆ, ಆ ಓದು ಕೆಲಸಕ್ಕೆ ಬಾರದು.