ಸತ್ಯಾಂಶ: ಅಮೆರಿಕದ ಸಂವಿಧಾನ ವಿದೇಶಿ ಶಂಕಿತರಿಗೆ ಅನ್ವಯಿಸುವುದೇ ಇಲ್ಲವೇ?

‘ಅಮೆರಿಕದ ಸಂವಿಧಾನವಿರುವುದು ಅಲ್ಲಿನ ಪ್ರಜೆಗಳಿಗೆ ಮಾತ್ರ; ಭಯೋತ್ಪಾದನೆಯ ಆರೋಪ ಹೊತ್ತ ವಿದೇಶಿಯನಿಗೆ ಯಾವ ಹಕ್ಕೂ ಇಲ್ಲ’ ಎಂಬ ಸಂದೇಶ ಆಗಾಗ ಹರಿದಾಡುತ್ತದೆ. ಇದು ತಪ್ಪು. ಕಾನೂನುಬದ್ಧ ಪ್ರಕ್ರಿಯೆಯಿಲ್ಲದೆ ಯಾರ ಜೀವ, ಸ್ವಾತಂತ್ರ್ಯವನ್ನೂ ಕಸಿಯಬಾರದೆನ್ನುವ ಸಂವಿಧಾನದ ಐದನೇ ತಿದ್ದುಪಡಿ ಬಳಸುವ ಪದ ‘ಪ್ರಜೆ’ ಅಲ್ಲ, ‘ವ್ಯಕ್ತಿ’. ಆರನೆಯದು ವಕೀಲರ ನೆರವನ್ನು ‘ಆರೋಪಿ’ಗೆ ಕೊಡುತ್ತದೆ, ಅವನ ಪೌರತ್ವವನ್ನು ಕೇಳುವುದಿಲ್ಲ.

ಹಕ್ಕು ಕೊಟ್ಟರೆ ಅಪರಾಧಿ ಪಾರಾಗುತ್ತಾನೆ ಎಂಬ ಆತಂಕವೂ ಇದರ ಹಿಂದಿದೆ. ಆದರೆ 2009ರ ಕ್ರಿಸ್‌ಮಸ್ ದಿನ ಡೆಟ್ರಾಯಿಟ್‌ಗೆ ಹೊರಟಿದ್ದ ವಿಮಾನದಲ್ಲಿ ಒಳಉಡುಪಿನಲ್ಲಿ ಅಡಗಿಸಿದ್ದ ಬಾಂಬನ್ನು ಸ್ಫೋಟಿಸಲು ಯತ್ನಿಸಿದ ನೈಜೀರಿಯಾದ ಉಮರ್ ಫಾರೂಕ್ ಅಬ್ದುಲ್‌ಮುತಲ್ಲಬ್, ಸಾಮಾನ್ಯ ಫೆಡರಲ್ ನ್ಯಾಯಾಲಯದಲ್ಲಿ, ಎಲ್ಲ ಆರೋಪಿಗಳಿಗಿರುವ ರಕ್ಷಣೆಗಳೊಂದಿಗೇ ವಿಚಾರಣೆ ಎದುರಿಸಿ, 2011ರಲ್ಲಿ ತಪ್ಪೊಪ್ಪಿಕೊಂಡು, 2012ರಲ್ಲಿ ಜೀವಾವಧಿ ಶಿಕ್ಷೆಗೆ ಗುರಿಯಾದ.

ಭಯೋತ್ಪಾದನೆಯ ಶಂಕಿತರನ್ನು ಬಂಧಿಸಿಡಲು ಅಮೆರಿಕ ಬಳಸಿದ ಗ್ವಾಂಟನಾಮೊ ಸೇನಾ ನೆಲೆಯ ವಿಷಯ ಇಷ್ಟು ಸರಳವಲ್ಲ. ಆ ನೆಲೆ ಕ್ಯೂಬಾದಲ್ಲಿದೆ, ಆದ್ದರಿಂದ ಸಂವಿಧಾನ ಅಲ್ಲಿಗೆ ತಲುಪದು ಎಂದು ಸರ್ಕಾರ ವಾದಿಸಿತ್ತು; ಜಾಣ ವಾದವೇನೋ ಹೌದು. ಆದರೂ 2008ರ ಬೂಮೆಡಿಯನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 5–4ರ ಬಹುಮತದಿಂದ, ಅಲ್ಲಿನ ವಿದೇಶಿ ಬಂಧಿಗಳೂ ತಮ್ಮ ಬಂಧನವನ್ನು ಹೇಬಿಯಸ್ ಕಾರ್ಪಸ್ (ಬಂಧನ ಕಾನೂನುಬದ್ಧವೇ ಎಂದು ನ್ಯಾಯಾಲಯ ಪರಿಶೀಲಿಸುವಂತೆ ಕೋರುವ ಅರ್ಜಿ) ಮೂಲಕ ಪ್ರಶ್ನಿಸಬಹುದೆಂದು ತೀರ್ಪಿತ್ತಿತು. ಹಾಗೆಂದು ಎಲ್ಲ ಹಕ್ಕುಗಳೂ ಎಲ್ಲೆಡೆ ಅನ್ವಯಿಸುತ್ತವೆ ಎಂದಲ್ಲ: ವಿದೇಶಿಯನೊಬ್ಬನಿಗೆ ಸೇರಿದ, ಮೆಕ್ಸಿಕೊದಲ್ಲಿದ್ದ ಆಸ್ತಿಯ ಶೋಧಕ್ಕೆ, ಅಕಾರಣ ಶೋಧದಿಂದ ರಕ್ಷಿಸುವ ನಾಲ್ಕನೇ ತಿದ್ದುಪಡಿ ಅನ್ವಯಿಸದೆಂದು 1990ರಲ್ಲಿ ಇದೇ ನ್ಯಾಯಾಲಯ ಹೇಳಿತ್ತು.