ಚಪ್ಪಾಳೆ ಯಾರ ಹತ್ರ ಇದೆ?

ರಾತ್ರಿ 11:30ಕ್ಕೆ ಫೋನು ಗುಂಯ್ ಅಂದಿತು. 'ಸರ್, ಚಪ್ಪಾಳೆ ಯಾರ ಹತ್ರ ಇದೆ?' ಅಂತ ಒಂದು ಮೆಸೇಜು. ಹಿಂದಿಲ್ಲ, ಮುಂದಿಲ್ಲ. ಯಾರೋ ಬೇರೆಯವರಿಗೆ ಕಳಿಸಬೇಕಾದ್ದನ್ನು ನನಗೆ ಕಳಿಸಿದ್ದಾರೆ ಅಂದುಕೊಂಡು ಮಗ್ಗುಲು ಬದಲಿಸಿದೆ. ಐದು ನಿಮಿಷದ ಮೇಲೆ ನೆನಪಾಯಿತು. ಅಯ್ಯೋ, ಇದು ನಮ್ಮದೇ! ಆಮೇಲೆ ನಿದ್ದೆ ಎಲ್ಲಿಂದ ಬರಬೇಕು?

ವಿಷಯ ಇಷ್ಟೇ. ನನ್ನದು ಭಾಷಾ ತರಗತಿ, ಇನ್ನೊಬ್ಬ ಮೇಷ್ಟ್ರದ್ದು ಮಾಧ್ಯಮ ತರಗತಿ. ನಮ್ಮವರು ಬರೆಯಬೇಕು, ಮಾತಾಡಿಸಬೇಕು, ದನಿ ರೆಕಾರ್ಡ್ ಮಾಡಬೇಕು. ಅವರು ಚಿತ್ರ ತೆಗೆದು, ಕತ್ತರಿಸಿ, ಜೋಡಿಸಬೇಕು. ಎರಡೂ ಸೇರಿ ಒಂದು ಮಲ್ಟಿಮೀಡಿಯಾ ಪ್ರಾಜೆಕ್ಟ್. ಹೇಳುವಾಗ ಎಷ್ಟು ಚೆನ್ನಾಗಿದೆ ನೋಡಿ. ಮೊದಲ ದಿನದ ಸಭೆಯಲ್ಲಿ ಆ ಮೇಷ್ಟ್ರು ಎದ್ದು ನಿಂತು 'ಒಂದೇ ಕೈಯಲ್ಲಿ ಚಪ್ಪಾಳೆ ಆಗುವುದಿಲ್ಲ' ಅಂದರು. ಎಲ್ಲರೂ ಜೋರಾಗಿ ಚಪ್ಪಾಳೆ ತಟ್ಟಿದರು. ಇಡೀ ಪ್ರಾಜೆಕ್ಟಿನಲ್ಲಿ ಕೇಳಿಬಂದ ಒಂದೇ ಚಪ್ಪಾಳೆ ಅದು. ಅದನ್ನು ಯಾರೂ ರೆಕಾರ್ಡ್ ಮಾಡಿರಲಿಲ್ಲ.

 ಈಗ ಆ ಮೆಸೇಜಿನ ಚಪ್ಪಾಳೆಯ ಕಥೆಗೆ ಬರೋಣ.

ಕ್ಯಾಮೆರಾ ಅವರ ಕೈಯಲ್ಲಿ, ಅಂದರೆ ಒಬ್ಬ ಹುಡುಗನ ಫೋನು. ಒಳ್ಳೆಯ ಕ್ಯಾಮೆರಾವನ್ನು ಸಂಜೆ 5ರೊಳಗೆ ಲ್ಯಾಬಿಗೆ ವಾಪಸು ಕೊಡಬೇಕಿತ್ತಂತೆ, ಕೊಟ್ಟುಬಿಟ್ಟಿದ್ದರು. ದನಿ ಹಿಡಿಯುವ ಯಂತ್ರ ನಮ್ಮ ಹುಡುಗಿಯ ಕೈಯಲ್ಲಿ. ಎರಡೂ ಬೇರೆ ಬೇರೆ ಓಡುತ್ತಿರುತ್ತವೆ. ಆಮೇಲೆ ಚಿತ್ರಕ್ಕೂ ದನಿಗೂ ತಾಳೆ ಹಾಕಬೇಕಲ್ಲ, ಅದಕ್ಕೇ ಶುರುವಿನಲ್ಲಿ ಯಾರಾದರೂ ಕ್ಯಾಮೆರಾ ಮುಂದೆ ನಿಂತು ಒಂದು ಚಪ್ಪಾಳೆ ತಟ್ಟಬೇಕು. ವಿಡಿಯೋದಲ್ಲಿ ಎರಡು ಅಂಗೈ ಕೂಡುವ ಫ್ರೇಮ್, ಅಂದರೆ ಆ ಒಂದೇ ಕ್ಷಣದ ಚಿತ್ರ ಸಿಗುತ್ತದೆ, ಕಂಪ್ಯೂಟರಿನಲ್ಲಿ ಕಾಣುವ ದನಿಯ ಗೆರೆಯಲ್ಲಿ ಮೊಳೆ ಹೊಡೆದ ಹಾಗೆ ಒಂದು ಚೂಪು ಸಿಗುತ್ತದೆ. ಅದರ ಮೇಲೆ ಇದನ್ನು ಇಟ್ಟರೆ ಉಳಿದದ್ದು ತಾನಾಗಿ ಕೂರುತ್ತದೆ. ಸಿನಿಮಾದವರು ಆ ಕಪ್ಪು ಬಿಳಿ ಹಲಗೆಯನ್ನು ಟಪ್ ಅನ್ನಿಸುವುದೂ ಇದಕ್ಕೇ. ನಾನು ಬಹಳ ವರ್ಷ ಅದು ಸುಮ್ನೆ ಗತ್ತಿಗೆ ಅಂದುಕೊಂಡಿದ್ದೆ.

ನಮ್ಮ 42 ನಿಮಿಷದ ಸಂದರ್ಶನದಲ್ಲಿ ಚಪ್ಪಾಳೆ ಇರಲಿಲ್ಲ. ಅವರು ತಟ್ಟುತ್ತಾರೆ ಅಂತ ಇವರು, ಇವರು ತಟ್ಟುತ್ತಾರೆ ಅಂತ ಅವರು.

ಸರಿ, ತುಟಿ ನೋಡಿಕೊಂಡು ಕೂರಿಸಿ ಅಂದೆ. ಸುಲಭ ಅಂದುಕೊಂಡಿದ್ದೆ. ಸೆಕೆಂಡಿಗೆ 25 ಚಿತ್ರ ಅಂದರೆ ಒಂದೊಂದು ಚಿತ್ರ 40 ಮಿಲಿಸೆಕೆಂಡು. ದನಿ ಎರಡು ಮೂರು ಚಿತ್ರದಷ್ಟು ಹಿಂದೆ ಬಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಅಷ್ಟೇ ಮುಂದೆ ಬಂದರೆ ಮಾತ್ರ, ಏನು ಅಂತ ಹೇಳಲಾಗದಿದ್ದರೂ, ಕಸಿವಿಸಿ ಆಗುತ್ತದೆ. ಪ್ರಸಾರ ಎಂಜಿನಿಯರುಗಳು ಇದನ್ನು ಅಳೆದೂ ಇಟ್ಟಿದ್ದಾರೆ. ಮಾತು ಸುಮಾರು 45 ಮಿಲಿಸೆಕೆಂಡು ಮುಂಚೆ ಬಂದರೆ ಕಣ್ಣಿಗೆ ಕುಕ್ಕುತ್ತದೆ, ತಡವಾದರೆ 125ರವರೆಗೂ ನಡೆದುಹೋಗುತ್ತದೆ. ಯಾಕೆ ಅಂದರೆ ನಾವು ಹುಟ್ಟಿದಾಗಿನಿಂದ ನೋಡಿರುವುದೇ ಹಾಗೆ. ಮಿಂಚು ಮೊದಲು, ಗುಡುಗು ಆಮೇಲೆ. ದೂರದಲ್ಲಿ ಯಾರೋ ಕಟ್ಟಿಗೆ ಒಡೆಯುತ್ತಿದ್ದರೆ ಕೊಡಲಿ ಬಿದ್ದಾದ ಮೇಲೆ ಸದ್ದು. 34 ಮೀಟರ್ ದೂರಕ್ಕೆ ಸೆಕೆಂಡಿನ ಹತ್ತನೇ ಒಂದು ಭಾಗ ತಡ. ತಡವಾಗಿ ಬರುವುದನ್ನು ಮನುಷ್ಯ ಒಪ್ಪಿಕೊಳ್ಳುತ್ತಾನೆ. (ನನ್ನ ತರಗತಿಯವರು ಈ ಮಾತನ್ನು ಅಸೈನ್‌ಮೆಂಟಿಗೂ ಅನ್ವಯಿಸಿಕೊಂಡರು.)

ಕೊನೆಗೆ ನಮ್ಮನ್ನು ಕಾಪಾಡಿದ್ದು ಒಂದು ಸೀನು. 17ನೇ ನಿಮಿಷದಲ್ಲಿ ಅತಿಥಿಗಳು ಸೀನಿದ್ದಾರೆ! ಎಲ್ಲರೂ ಹಾರಿ ಬಂದು ಸ್ಕ್ರೀನಿನ ಮುಂದೆ ಕೂತರು. ಆದರೆ ಸೀನು ಚಪ್ಪಾಳೆಯ ಹಾಗೆ ಅಲ್ಲ ನೋಡಿ. ಅದಕ್ಕೆ ಒಂದು ಪೀಠಿಕೆ ಇರುತ್ತದೆ. ಮೊದಲು ಮಾತು ನಿಂತಿತು. ಹುಬ್ಬು ಮೇಲೆ ಹೋಯಿತು. ಬಾಯಿ ಅರ್ಧ ತೆರೆದು, ಈಗ ಬಂತು ಅನ್ನುವಷ್ಟರಲ್ಲಿ ಬರಲಿಲ್ಲ. ಬೆರಳು ಮೂಗಿನ ಹತ್ತಿರ ಹೋಗಿ ಅಲ್ಲೇ ನಿಂತಿತು. ಆಮೇಲೆ ಕಣ್ಣು ಮುಚ್ಚಿತು, ತಲೆ ಮುಂದಕ್ಕೆ ಬಿತ್ತು. ಇದರಲ್ಲಿ 'ಸೀನಿದ ಫ್ರೇಮ್' ಯಾವುದು? 'ಆ' ಅನ್ನುವಾಗಲೇ ಸೀನು ಶುರು ಅಂತ ನಮ್ಮ ಹುಡುಗಿ. 'ಕ್ಷೀ' ಇಲ್ಲದೆ ಸೀನೇ ಅಲ್ಲ, ಗೆರೆ ಎಲ್ಲಿ ಎದ್ದಿದೆಯೋ ಅದೇ ಸೀನು ಅಂತ ಅವರ ಹುಡುಗ. ಆಕ್ಷಿ ಶಬ್ದದ ಒತ್ತಕ್ಷರದ ಮೇಲೆ ಮುಕ್ಕಾಲು ಗಂಟೆ ವಾದ ನಡೆಯಿತು. ನಾನೂ ಸುಮ್ಮನೆ ಇರಲಿಲ್ಲ, ಅನುಕರಣವಾಚಕಗಳ ಬಗ್ಗೆ ಒಂದು ಸಣ್ಣ ಉಪನ್ಯಾಸ ಕೊಟ್ಟೆ. ಅವರ ಹುಡುಗ ನನ್ನ ಮಾತು ಮುಗಿಯುವವರೆಗೂ ಕಾದಿದ್ದು, ಮರ್ಯಾದೆಯಿಂದ, 'ಕ್ಷೀ'ಗೇ ಕೂರಿಸಿದ.

ಕೂತಿತು. ಆದರೆ 30ನೇ ನಿಮಿಷಕ್ಕೆ ಬರುವಾಗ ಮತ್ತೆ ದನಿ ಒಂದು ಕಡೆ, ತುಟಿ ಒಂದು ಕಡೆ. ಫೋನಿನ ಕ್ಯಾಮೆರಾ ಸೆಕೆಂಡಿಗೆ ಇಷ್ಟೇ ಚಿತ್ರ ಅಂತ ನಿಷ್ಠೆಯಿಂದ ತೆಗೆಯುವುದಿಲ್ಲವಂತೆ. ಬೆಳಕು ಕಡಿಮೆಯಾದರೆ ಅದೂ ನಿಧಾನ ಆಗುತ್ತದಂತೆ. ಸಂಜೆ ನಾನೂ ಹಾಗೇ, ಏನು ಹೇಳಲಿ? ಇದರ ಜೊತೆಗೆ ನಮ್ಮವರು ದನಿಯನ್ನು ಸಿಡಿಯ ಲೆಕ್ಕದಲ್ಲಿ ಸೆಕೆಂಡಿಗೆ 44,100 ಸಲ ಅಳೆದಿದ್ದರು, ಅವರದ್ದು ವಿಡಿಯೋದ ಲೆಕ್ಕ, 48,000. ಅದನ್ನು ಮಾತ್ರ ಸಾಫ್ಟ್‌ವೇರ್ ಸದ್ದಿಲ್ಲದೆ ಸರಿ ಮಾಡಿಕೊಂಡಿತು. ಈ ಪ್ರಾಜೆಕ್ಟಿನಲ್ಲಿ ಗೊಣಗದೆ ಹೊಂದಿಕೊಂಡ ಏಕೈಕ ಸದಸ್ಯ ಅದು.

ಉಳಿದವರ ಬಗ್ಗೆ ಹೇಳಬಾರದು, ಆದರೂ ಹೇಳುತ್ತೇನೆ. ನಮ್ಮಲ್ಲಿ ಈ ಕೆಲಸಕ್ಕೆ 20 ಅಂಕ, ಅವರಲ್ಲಿ 5. ಐದು ಅಂಕಕ್ಕೆ ಎಷ್ಟು ಬೆವರಬೇಕೋ ಅಷ್ಟು ಅವರು ಬೆವರಿದರು, ತಪ್ಪೇನಿದೆ? ನಮ್ಮವರು ಇಪ್ಪತ್ತಕ್ಕೂ ಐದರಷ್ಟೇ ಬೆವರಿದರು, ಅದು ನನ್ನ ಸಂಕಟ. ಎರಡೂ ತರಗತಿಗೆ ಒಟ್ಟಿಗೆ ಬಿಡುವಿದ್ದದ್ದು ವಾರಕ್ಕೆ ಒಂದೇ ಗಂಟೆ, ಬುಧವಾರ ಸಂಜೆ 4ರಿಂದ 5. ಬಂದವರ ದೇಹ ಮಾತ್ರ ಬರುತ್ತಿತ್ತು. ನಮ್ಮವರು 22, ಅವರು 24, ಒಟ್ಟು 46 ಜನ. ಒಬ್ಬೊಬ್ಬರೂ ಉಳಿದ ಎಲ್ಲರ ಜೊತೆ ಮಾತಾಡಿಕೊಳ್ಳಬೇಕು ಅಂದರೆ 1,035 ಜೋಡಿ ಆಗುತ್ತವೆ, ಕೂತು ಲೆಕ್ಕ ಹಾಕಿದ್ದೇನೆ. ನಿಜವಾಗಿ ಮಾತಾಡಿದ್ದು ಆ ಸೀನಿನ ಜೋಡಿ ಒಂದೇ. ಫ್ರಾನ್ಸಿನಲ್ಲಿ ರಿಂಗೆಲ್‌ಮನ್ ಅನ್ನುವ ಕೃಷಿ ಎಂಜಿನಿಯರ್ ಜನರಿಂದ ಹಗ್ಗ ಎಳೆಸಿ ಅಳೆದು, 1913ರಲ್ಲಿ ಪ್ರಕಟಿಸಿದ ಲೆಕ್ಕ ಒಂದಿದೆ. ಎಂಟು ಜನ ಸೇರಿ ಎಳೆದಾಗ ಒಬ್ಬೊಬ್ಬರ ಪಾಲಿಗೆ ಬಿದ್ದದ್ದು ಒಂಟಿಯಾಗಿ ಎಳೆದಾಗಿನ ಬಲದ ಸುಮಾರು ಅರ್ಧ. ಪುಣ್ಯಾತ್ಮ 46 ಜನರ ಕೈಗೆ ಹಗ್ಗ ಕೊಡಲಿಲ್ಲ.

ಆ ಮೇಷ್ಟ್ರಿಗೆ ನಾನು ಉದ್ದುದ್ದ ಮೆಸೇಜು ಬರೆಯುತ್ತಿದ್ದೆ. 'ಸ್ಕ್ರಿಪ್ಟಿನ ಮೂರನೇ ಭಾಗ ಯಾರು ಎಡಿಟ್ ಮಾಡುತ್ತಾರೆ, ನಿಮ್ಮವರೋ ನಮ್ಮವರೋ?' ಉತ್ತರಕ್ಕೆ ಒಂದು ಹೆಬ್ಬೆರಳು. ನೋಡಿದೆ ಅಂತಲೋ, ಆಯ್ತು ಅಂತಲೋ, ನೀವೇ ಮಾಡಿ ಅಂತಲೋ? ಏಕಲವ್ಯ ಜೀವನದಲ್ಲಿ ಒಂದು ಹೆಬ್ಬೆರಳು ಕೊಟ್ಟು ಇವತ್ತಿಗೂ ಹೆಸರಾಗಿದ್ದಾನೆ, ಇವರು ದಿನಕ್ಕೆ ಹತ್ತು ಕೊಡುತ್ತಾರೆ.

ನನ್ನದೂ ತಪ್ಪಿದೆ, ಇಲ್ಲ ಅನ್ನುವುದಿಲ್ಲ. ಸ್ಕ್ರಿಪ್ಟನ್ನು ತಿದ್ದುತ್ತಾ ತಿದ್ದುತ್ತಾ ಮೂರು ವಾರ ಇಟ್ಟುಕೊಂಡುಬಿಟ್ಟೆ. ಅವರು ಕಾದು ಕಾದು, ತಮಗೆ ತೋಚಿದ್ದನ್ನು ಚಿತ್ರೀಕರಿಸಿಕೊಂಡು ಬಂದರು. ನಮ್ಮ ನಿರೂಪಣೆ 'ನಸುಕಿನ ಇಬ್ಬನಿಯಲ್ಲಿ ಮಿಂದ ಹಾದಿ' ಅಂತ ಶುರುವಾಗುತ್ತದೆ. ಅವರ ಹಾದಿಯ ಮೇಲೆ ಮಧ್ಯಾಹ್ನ 12 ಗಂಟೆಯ ಬಿಸಿಲು, ನೆರಳು ಕಾಲ ಕೆಳಗೇ ಮುದುಡಿಕೊಂಡಿದೆ. ಒಂದು ವಾಕ್ಯ ಬದಲಿಸಿದ್ದರೆ ಮುಗಿಯುತ್ತಿತ್ತು. ನಾನು ಬದಲಿಸಲು ಬಿಡಲಿಲ್ಲ. ಒಳ್ಳೆಯ ವಾಕ್ಯ ಅದು!

ಪ್ರದರ್ಶನದ ದಿನ ಕೊನೆಯ ಹತ್ತು ನಿಮಿಷ ಅತಿಥಿಗಳು ತುಟಿ ಮುಚ್ಚಿದ ಮೇಲೂ ಮಾತಾಡುತ್ತಿದ್ದರು. ಯಾರೂ ಗಮನಿಸಲಿಲ್ಲ. ಅಥವಾ ಅಷ್ಟು ಹೊತ್ತಿಗೆ ಯಾರೂ ಸ್ಕ್ರೀನ್ ನೋಡುತ್ತಿರಲಿಲ್ಲ. ಅತಿಥಿಗಳಿಗೆ ಮಾತ್ರ ತಮ್ಮ ಸೀನು ಹಾಗೇ ಉಳಿಸಿಕೊಂಡಿದ್ದು ಯಾಕೆ ಅಂತ ಬೇಜಾರಾಯಿತು.

ಮುಂದಿನ ಸೆಮಿಸ್ಟರಿಗೂ ಸೇರಿ ಮಾಡೋಣ ಅಂತ ಆ ಮೇಷ್ಟ್ರು ಕೇಳಿದರು. ನಾನು ಹೆಬ್ಬೆರಳು ಕಳಿಸಿದೆ. ಇಲ್ಲ ಅನ್ನುವ ಅರ್ಥದಲ್ಲಿ. ಅವರು ಹೌದು ಅಂದುಕೊಂಡರು.

ಕಳೆದ ವಾರ ಮೊದಲ ಶೂಟಿಂಗ್ ಆಯಿತು. ಈ ಸಲ ಚಪ್ಪಾಳೆಯ ಬಗ್ಗೆ ನಾನೇ ಎರಡೂ ತರಗತಿಗೆ ಹೋಗಿ ಪ್ರತ್ಯೇಕವಾಗಿ, ಸ್ವಲ್ಪ ಜಾಸ್ತಿಯೇ ಖಾರವಾಗಿ ಹೇಳಿ ಬಂದಿದ್ದೆ. ರಾತ್ರಿ ಮತ್ತೆ ಫೋನು ಗುಂಯ್ ಅಂದಿತು. ದನಿಯ ಗೆರೆಯ ಚಿತ್ರ ಕಳಿಸಿದ್ದಾರೆ, ಅದರ ತುಂಬ ಮೊಳೆಗಳು. ಎಣಿಸಿದೆ, ಒಂಬತ್ತು. ಕೆಳಗೆ 'ಸರ್, ಎಲ್ಲರೂ ತಟ್ಟಿದ್ದಾರೆ. ಯಾವ ಚಪ್ಪಾಳೆ?' ಅಂತಿತ್ತು.

'ಮೂರನೆಯದು' ಅಂತ ಬರೆದು ಮಲಗಿದೆ. ಒಂದನ್ನೂ ಕೇಳಿರಲಿಲ್ಲ.